ಕಾಲೇಜನ್ನು ಆರಿಸುವ ಬಗೆ



ಬೆಳಗಾವಿಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1916ರಲ್ಲಿ, ಏಳು ಜನ ಶಿಕ್ಷಕರು ಅಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜು ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರ ಹೆಸರನ್ನು ಹೊತ್ತಿದೆ. ಖಾಸಗಿ ಕಾಲೇಜೆಂದರೆ ಅಂದು ಕಲಿಸುವವರ ತ್ಯಾಗ, ಉಳ್ಳವರ ದಾನ. ಇಂದು ಅದೇ ಹೆಸರಿನ ಮರೆಯಲ್ಲಿ ವ್ಯಾಪಾರವೂ ನಡೆದಿರುವುದರಿಂದ ಪರೀಕ್ಷಿಸಿಯೇ ಆರಿಸತಕ್ಕದ್ದು.

ಪರೀಕ್ಷೆ ಯಾವುದು? ಮೊದಲು, ಶುಲ್ಕದ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿರಿ. ವಸತಿ, ಊಟ, ಪುಸ್ತಕಗಳನ್ನು ಕೂಡಿಸಿ ಕೊನೆಯ ವರ್ಷದವರೆಗಿನ ವೆಚ್ಚವನ್ನು ಎಣಿಸಿರಿ. ರಸೀದಿಯಿಲ್ಲದ ಹಣವನ್ನು ಕೇಳಿದರೆ ಎದ್ದು ಬನ್ನಿರಿ. 1984ರ ಕರ್ನಾಟಕ ಶಾಸನವು ವಂತಿಗೆಯನ್ನು ನಿಷೇಧಿಸಿದೆ. 1992ರಲ್ಲಿ ನಮ್ಮ ನಾಡಿನದೇ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ಎರಡನೆಯದಾಗಿ, ಗ್ರಂಥಾಲಯವನ್ನೂ ಪಾಠ ಹೇಳುವವರನ್ನೂ ಕಣ್ಣಾರೆ ಕಾಣಿರಿ. ಬಡ ವಿದ್ಯಾರ್ಥಿಯನ್ನು ಅಲ್ಲಿ ಹೇಗೆ ನಡೆಸಿಕೊಳ್ಳುವರೆಂದು ಓದುತ್ತಿರುವವರನ್ನೇ ಕೇಳಿರಿ.

ಮಗನಾಗಲಿ ಮಗಳಾಗಲಿ, ವಂತಿಗೆ ತೆತ್ತು ಒಳಹೊಕ್ಕವರು ಅಲ್ಲಿ ಕಲಿಯುವ ಮೊದಲ ಪಾಠವು ಅನ್ಯಾಯದ್ದು. ಆ ಪಾಠಕ್ಕಾಗಿ ತಂದೆಯ ಹೊಲವು ಅಡವಿಗೆ ಹೋಗದಿರಲಿ.