ಮನಸ್ಸಿನ ದಣಿವು ಮತ್ತು ನಾವು

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕುಟುಂಬ ದಿನದ ಸಭೆಯಲ್ಲಿ ಧರ್ಮಕೇಂದ್ರದ ನಿವೃತ್ತ ವೈದ್ಯರೊಬ್ಬರು ಮಾಡಿದ ಭಾಷಣ)



ನೂರು ವರ್ಷಗಳನ್ನು ಪೂರೈಸಿರುವ ನಮ್ಮ ದೇವಾಲಯದ ಈ ಸಂಭ್ರಮದಲ್ಲಿ ನನಗೂ ನಾಲ್ಕು ಮಾತನಾಡುವ ಅವಕಾಶ ಕಲ್ಪಿಸಿದ ಸಮಿತಿಯವರಿಗೆ ಆಭಾರಿಯಾಗಿದ್ದೇನೆ. ದೇವಾಲಯದ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ವಿವರಿಸಿದ್ದಾರೆ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ೩೨ ವರ್ಷ ದುಡಿದ ಸಾಮಾನ್ಯ ವೈದ್ಯ, ಮನೋವೈದ್ಯನಲ್ಲ. ಮನಸ್ಸಿನ ಆರೋಗ್ಯವನ್ನು ಕುರಿತು ಮಾತನಾಡಬೇಕೆಂದು ಗುರುಗಳು ಸೂಚಿಸಿದಾಗ ಹಿಂಜರಿದೆ. ಆದರೆ ಆ ಸಂಜೆ ಮನೆಗೆ ಹೋಗುವಾಗ ನಮ್ಮ ಸ್ಮಶಾನದ ಒಂದು ಗೋರಿ ನೆನಪಿಗೆ ಬಂದಿತು. ಒಪ್ಪಿಕೊಂಡೆ.

೧೯೭೨ರಲ್ಲಿ ನನಗೆ ೧೨ ವರ್ಷ. ನನ್ನ ಚಿಕ್ಕಪ್ಪನವರು ಇದೇ ದೇವಾಲಯದ ಗಾಯನವೃಂದಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದರು. ವೃತ್ತಿಯಲ್ಲಿ ದರ್ಜಿ. ಕ್ರಿಸ್ಮಸ್ ಸಮೀಪಿಸಿತೆಂದರೆ ಅವರ ಹೊಲಿಗೆ ಯಂತ್ರದ ಸದ್ದು ಮಧ್ಯರಾತ್ರಿಯಾದರೂ ನಿಲ್ಲುತ್ತಿರಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಅವರು ಭಾನುವಾರದ ಪೂಜೆಗೆ ಬಂದರೂ ಹಾರ್ಮೋನಿಯಂ ಮುಟ್ಟದಾದರು. ಬೆರಳು ಏಳುವುದಿಲ್ಲ ಎನ್ನುತ್ತಿದ್ದರು. ನಸುಕಿನ ಮೂರು ಗಂಟೆಗೇ ಎಚ್ಚೆತ್ತು ಜಗಲಿಯ ಮೇಲೆ ಕುಳಿತಿರುತ್ತಿದ್ದರು. ಊಟ ತಗ್ಗಿತು. ಒಪ್ಪಿಕೊಂಡಿದ್ದ ಬಟ್ಟೆಗಳು ಹೊಲಿಯದೆ ಉಳಿದವು. ತನ್ನಿಂದ ಯಾರಿಗೂ ಉಪಯೋಗವಿಲ್ಲವೆಂದು ಅಜ್ಜಿಯ ಬಳಿ ಎರಡು ಬಾರಿ ಹೇಳಿದ್ದರಂತೆ. ಮನೆಯವರು ಕೈಕಟ್ಟಿ ಕುಳಿತಿರಲಿಲ್ಲ. ಹರಕೆ ಹೊತ್ತರು, ದೃಷ್ಟಿ ನಿವಾಳಿಸಿದರು, ಮದುವೆ ಮಾಡಿದರೆ ಸರಿಹೋದಾನೆಂದು ಹೆಣ್ಣು ಹುಡುಕಿದರು. ವಿಶ್ವಾಸ ಕುಂದಿದೆ ಎಂದವರುಂಟು, ಸೋಮಾರಿತನ ಎಂದವರೂ ಉಂಟು. ಬುದ್ಧಿ ಹೇಳದವರೇ ಇರಲಿಲ್ಲ. ಆದರೆ ಪಕ್ಕದಲ್ಲಿ ಕುಳಿತು, ನಿನಗೇನಾಗುತ್ತಿದೆಯಪ್ಪಾ ಎಂದು ಕೇಳಿ, ಉತ್ತರ ಬರುವವರೆಗೆ ಕಾದವರು ಒಬ್ಬರೂ ಇರಲಿಲ್ಲ. ಅಕ್ಟೋಬರ್ ತಿಂಗಳಲ್ಲಿ, ಮನೆಮನೆಯಲ್ಲೂ ಜಪಸರ ನಡೆಯುತ್ತಿದ್ದ ದಿನಗಳಲ್ಲಿ, ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಗಂಟೆ ಬಾರಿಸಲಿಲ್ಲ. ಪೂಜೆ ನಡೆಯಲಿಲ್ಲ. ಸ್ಮಶಾನದ ಗೋಡೆಯಾಚೆ, ಲಂಟಾನ ಬೆಳೆದಿದ್ದ ಜಾಗದಲ್ಲಿ ಅವರನ್ನು ಮಣ್ಣು ಮಾಡಿದರು. ನಾನು ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ೧೯೧೭ರ ಧರ್ಮಸಭೆಯ ಕಾನೂನುಸಂಹಿತೆಯಲ್ಲಿ ಅಂತಹ ಕಟ್ಟಳೆಯಿತ್ತು. ಆದರೆ ಆ ಕಟ್ಟಳೆಯೂ ಉದ್ದೇಶಪೂರ್ವಕವಾಗಿ, ತಿಳಿದೂ ತಿಳಿದೂ ಪ್ರಾಣ ಕಳೆದುಕೊಂಡವರಿಗೆ ಮಾತ್ರ ಅನ್ವಯಿಸುತ್ತಿತ್ತೆಂಬುದನ್ನು ನಾನು ಬಹುಕಾಲದ ಮೇಲೆ ಓದಿ ತಿಳಿದೆ. ನನ್ನ ಚಿಕ್ಕಪ್ಪ ರೋಗಿಯಾಗಿದ್ದರು. ಅದು ರೋಗವೆಂಬುದೇ ನಮಗಾರಿಗೂ ತಿಳಿದಿರಲಿಲ್ಲ.

ವೈದ್ಯಕೀಯ ಓದುವಾಗ ಒಂದು ಮಧ್ಯಾಹ್ನ ಖಿನ್ನತೆಯ ಲಕ್ಷಣಗಳನ್ನು ಅಧ್ಯಾಪಕರು ವಿವರಿಸುತ್ತಿದ್ದರು: ನಸುಕಿಗೆ ಮುಂಚೆ ಎಚ್ಚರವಾಗುವುದು, ಪ್ರಿಯವಾದ ಕೆಲಸದಲ್ಲಿಯೇ ಆಸಕ್ತಿ ಬತ್ತುವುದು, ಕೈಕಾಲುಗಳಲ್ಲಿ ಭಾರ, ತಾನು ನಿಷ್ಪ್ರಯೋಜಕನೆಂಬ ಭಾವ, ಮತ್ತು ಇವೆಲ್ಲ ಎರಡು ವಾರಗಳಿಗೂ ಮಿಕ್ಕಿ ಪ್ರತಿದಿನವೂ ಉಳಿಯುವುದು. ಜಗಲಿಯ ಮೇಲೆ ಕುಳಿತ ಚಿಕ್ಕಪ್ಪನನ್ನೇ ಯಾರೋ ಕಂಡು ಬರೆದಂತಿತ್ತು. ನಾನು ತರಗತಿಯಿಂದ ಎದ್ದು ಹೊರಗೆ ಹೋದೆ.

ಹೀಗಿದ್ದೂ ನಾನು ಎಚ್ಚೆತ್ತುಕೊಳ್ಳಲು ಇನ್ನೂ ಹಲವು ವರ್ಷ ಹಿಡಿಯಿತೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ತಾಲ್ಲೂಕು ಆಸ್ಪತ್ರೆಗೆ ಬರುವವರಾರೂ ತಮಗೆ ಖಿನ್ನತೆಯಿದೆ ಎಂದು ಹೇಳಿಕೊಂಡು ಬರುವುದಿಲ್ಲ. ತಲೆಭಾರ, ಎದೆಯುರಿ, ಮೈಕೈ ನೋವು, ಸುಸ್ತು ಎನ್ನುತ್ತಾರೆ. ಒಬ್ಬ ತಾಯಿ ಬೆನ್ನುನೋವೆಂದು ಏಳು ಬಾರಿ ಬಂದಿದ್ದರು. ಏಳು ಬಾರಿಯೂ ಮಾತ್ರೆ ಬರೆದುಕೊಟ್ಟೆ. ಎಂಟನೆಯ ಬಾರಿ, ಹೊರಗೆ ಸಾಲು ಕಡಿಮೆಯಿದ್ದುದರಿಂದಲೋ ಏನೋ, ಮನೆಯಲ್ಲಿ ಹೇಗಿದೆಯಮ್ಮ ಎಂದು ಕೇಳಿದೆ. ಆಕೆ ಕಾಲು ಗಂಟೆ ಅತ್ತರು. ಔಷಧ ಆಮೇಲೆ ಬಂತು. ಚಿಕಿತ್ಸೆ ಆ ಕಾಲು ಗಂಟೆಯಲ್ಲೇ ಆರಂಭವಾಗಿತ್ತು.

ಹಾಗೆಂದು ಪ್ರತಿಯೊಂದು ದುಃಖವೂ ರೋಗವಲ್ಲ. ಸಾವು, ಸಾಲ, ಬೆಳೆ ಕೈಕೊಟ್ಟದ್ದು, ಮಕ್ಕಳು ಪರೀಕ್ಷೆಯಲ್ಲಿ ಸೋತದ್ದು, ಇವುಗಳಿಗೆ ಮನಸ್ಸು ನೋಯದಿದ್ದರೆ ಅದೇ ವಿಚಿತ್ರ. ಬಾಣಂತಿಯರಲ್ಲಿ ಮೊದಲ ಕೆಲವು ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ, ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಇಳಿಯದೆ, ಮಗುವನ್ನು ಕಂಡರೂ ಮುಖ ಅರಳದಿದ್ದರೆ, ಗಾಳಿ ಸೋಂಕಿತೆಂದು ಕೂರದೆ ಆಸ್ಪತ್ರೆಗೆ ಕರೆತನ್ನಿ. ವಯಸ್ಸಾದವರು ಮಾತು ಕಡಿಮೆ ಮಾಡಿದರೆ ಅರಳುಮರಳು ಎಂದು ತೀರ್ಮಾನಿಸಿಬಿಡುತ್ತೇವೆ. ಅದು ಖಿನ್ನತೆಯಿರಬಹುದು, ಥೈರಾಯ್ಡ್ ಗ್ರಂಥಿಯ ಕೊರತೆಯೂ ಇರಬಹುದು. ಎರಡಕ್ಕೂ ಔಷಧವಿದೆ. ಮಕ್ಕಳು ದೂರದೇಶಗಳಲ್ಲಿದ್ದು, ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದಿರುವ ತಂದೆತಾಯಿಯರು ನಮ್ಮಲ್ಲೇ ಎಷ್ಟು ಮಂದಿಯಿದ್ದಾರೆಂದು ನಿಮಗೂ ಗೊತ್ತು.

ದಿನನಿತ್ಯದ ಆರೈಕೆಯ ವಿಷಯಕ್ಕೆ ಬಂದರೆ, ಪವಿತ್ರ ಬೈಬಲ್ಲಿನಲ್ಲಿ ಪ್ರವಾದಿ ಎಲೀಯನ ಪ್ರಸಂಗ ನನಗೆ ಬಹಳ ಇಷ್ಟ. ಅಷ್ಟು ದೊಡ್ಡ ಪ್ರವಾದಿ, ದಣಿದು, ಹೆದರಿ, ಮರಳುಗಾಡಿನ ಗಿಡವೊಂದರ ಅಡಿಯಲ್ಲಿ ಕುಳಿತು ಸಾವನ್ನು ಬೇಡಿಕೊಳ್ಳುತ್ತಾನೆ. ಆಗ ಬಂದ ದೇವದೂತನು ಅವನನ್ನು ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಎಲೀಯನು ತಿಂದು ಮತ್ತೆ ಮಲಗಿದನು. ಎರಡನೆಯ ಬಾರಿಯೂ ಎಬ್ಬಿಸಿ ಉಣಿಸಿದನು. ಪಯಣದ ಮಾತು ಆಮೇಲೆ. ದಣಿದ ಮನಸ್ಸಿಗೆ ಮೊದಲು ಬೇಕಾದದ್ದು ಹೊತ್ತಿಗೆ ಸರಿಯಾದ ಅನ್ನ, ನಿದ್ರೆ, ಪಕ್ಕದಲ್ಲೊಬ್ಬರು. ಮಲಗುವ ಏಳುವ ಹೊತ್ತನ್ನು ನಿಶ್ಚಿತವಾಗಿ ಇಟ್ಟುಕೊಳ್ಳುವುದು, ಹಗಲಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆಯುವುದು, ಹಾಸಿಗೆಯಲ್ಲಿ ಮೊಬೈಲು ನೋಡದಿರುವುದು, ಇವು ಸಣ್ಣ ಮಾತುಗಳೆಂದು ತಳ್ಳಿಹಾಕಬೇಡಿ.

ಮದ್ಯದ ಬಗ್ಗೆಯೂ ಒಂದು ಮಾತು. ನಮ್ಮ ಮದುವೆ ಮನೆಗಳನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ! ಚಿಂತೆ ಮರೆಯಲು, ನಿದ್ರೆ ಬರಲು ಕುಡಿಯುತ್ತೇವೆನ್ನುವವರುಂಟು. ಮದ್ಯವು ಬೇಗ ನಿದ್ರೆ ತರಿಸೀತು; ಆದರೆ ರಾತ್ರಿಯ ಉತ್ತರಾರ್ಧದ ನಿದ್ರೆಯನ್ನು ಕೆಡಿಸಿ, ಮರುದಿನದ ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೇಳುವುದು. ಕೇಳುವುದೆಂದರೆ ಪ್ರಶ್ನೆ ಹಾಕುವುದೂ ಹೌದು, ಕಿವಿಗೊಡುವುದೂ ಹೌದು. ನಮ್ಮ ಭಾಷೆ ಎರಡಕ್ಕೂ ಒಂದೇ ಪದವನ್ನಿಟ್ಟಿದೆ. ನಾವು ಮೊದಲನೆಯದನ್ನು ಮಾಡಿ ಎರಡನೆಯದಕ್ಕೆ ಮುನ್ನವೇ ಬುದ್ಧಿವಾದಕ್ಕೆ ತೊಡಗುತ್ತೇವೆ. ನಿನಗೇನು ಕಡಿಮೆಯಾಗಿದೆ, ನಮ್ಮ ಕಾಲದಲ್ಲಿ ನಾವು ಪಟ್ಟ ಕಷ್ಟವೇನು ಎನ್ನುತ್ತೇವೆ. ಹೇಳಲು ಬಂದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಅನೇಕರು ಅಂಜುತ್ತಾರೆ. ಹಾಗಾಗುವುದಿಲ್ಲವೆಂಬುದು ಇಂದು ಸಿದ್ಧವಾದ ಮಾತು. ಕೇಳಿದರೆ ಅವರ ಎದೆಯ ಭಾರ ಇಳಿಯುತ್ತದೆ. ಹೌದೆಂದು ಉತ್ತರ ಬಂದರೆ ಅವರನ್ನು ಒಬ್ಬರೇ ಬಿಡದೆ, ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ. ಅಜ್ಜಿಗೆ ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಎಂದು ಈಗಲೂ ಯೋಚಿಸುತ್ತೇನೆ.

ಚಿಕಿತ್ಸೆಗೆ ಹೋಗುವುದು ಅಪಮಾನವಲ್ಲ, ಅವಿಶ್ವಾಸವೂ ಅಲ್ಲ. ಸಕ್ಕರೆ ಕಾಯಿಲೆಗೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ನುಂಗುತ್ತೇವಲ್ಲವೇ? ಖಿನ್ನತೆಯ ಮಾತ್ರೆಗಳು ಫಲ ತೋರಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರದಲ್ಲೇ ಗುಣ ಕಾಣಲಿಲ್ಲವೆಂದು ಬಿಡುವವರೂ, ಗುಣ ಕಂಡ ಮರುದಿನವೇ ಬಿಡುವವರೂ ನನಗೆ ಕೊಟ್ಟಷ್ಟು ತಲೆನೋವನ್ನು ರೋಗವೇ ಕೊಟ್ಟಿಲ್ಲ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ನಿಲ್ಲಿಸುವುದಾದರೆ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು. ೨೦೧೫-೧೬ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೨ ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಯಾವುದಾದರೊಂದು ಮನೋರೋಗವಿತ್ತು. ಕಾಯಿಲೆಯ ಬಗೆಗೆ ತಕ್ಕಂತೆ ನೂರರಲ್ಲಿ ೭೦ರಿಂದ ೯೨ ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ನಮ್ಮ ಧರ್ಮಕೇಂದ್ರವನ್ನು ಈ ಲೆಕ್ಕದಿಂದ ಹೊರಗಿಡಲು ನನಗೆ ಕಾರಣ ಕಾಣದು.

ದೂರದ ಆಸ್ಪತ್ರೆಗೆ ಹೋಗಲಾಗದವರಿಗೆ ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. ಸಂಖ್ಯೆ ೧೪೪೧೬. ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ದಯವಿಟ್ಟು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ಪೊಲೀಸರ ಭಯದಿಂದ ಮುಚ್ಚಿಡುವ ಕಾಲವೂ ಹೋಗಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ನೀಡುವುದು ಸರ್ಕಾರದ ಕರ್ತವ್ಯ ಎಂದು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ವಿಧಿಸಿದೆ.

ಧರ್ಮಸಭೆಯ ಕಟ್ಟಳೆಯೂ ಬದಲಾಯಿತು. ೧೯೮೩ರ ಹೊಸ ಸಂಹಿತೆಯಲ್ಲಿ ಅಂತ್ಯಸಂಸ್ಕಾರ ನಿರಾಕರಿಸಬೇಕಾದವರ ಪಟ್ಟಿಯಿಂದ ಇಂತಹವರನ್ನು ಕೈಬಿಡಲಾಯಿತು. ತೀವ್ರ ಮನೋವೇದನೆಯು ಮನುಷ್ಯನ ಹೊಣೆಯನ್ನು ತಗ್ಗಿಸುತ್ತದೆ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂದು ೧೯೯೨ರ ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಅಜ್ಜಿ ಅದನ್ನು ಕೇಳಲು ಬದುಕಿರಲಿಲ್ಲ. ಪ್ರತಿ ನವೆಂಬರ್ ೨ರಂದು ಎಲ್ಲರೂ ಹೋದ ಮೇಲೆ ಕತ್ತಲಲ್ಲಿ ಗೋಡೆಯಾಚೆ ಮೇಣದ ಬತ್ತಿ ಹಚ್ಚಿ ಬರುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಸ್ಥಳ ಸಾಲದೆ ಸ್ಮಶಾನವನ್ನು ವಿಸ್ತರಿಸಿದಾಗ ಆ ಹಳೆಯ ಗೋಡೆಯನ್ನು ಕೆಡವಿ ಆಚೆಗೆ ಹೊಸದನ್ನು ಕಟ್ಟಿದರು. ಚಿಕ್ಕಪ್ಪನ ಗೋರಿ ಈಗ ಒಳಗಿದೆ, ಎಡಗಡೆಯ ಮೂರನೆಯ ಸಾಲಿನಲ್ಲಿ. ಕಳೆದ ವರ್ಷ ಗುರುಗಳು ಅದನ್ನು ಆಶೀರ್ವದಿಸಿದರು. ಗಾಯನವೃಂದದ ಮಕ್ಕಳು ಹಾಡಿದರು.

ಸಮಯ ಮೀರಿತೆಂದು ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಚಹದ ವಿರಾಮದಲ್ಲಿ ನಾನು ಸಭಾಂಗಣದ ಹಿಂದಿನ ಜಗಲಿಯ ಬೆಂಚಿನ ಮೇಲೆ ಕುಳಿತಿರುತ್ತೇನೆ. ಬೆನ್ನುನೋವೆಂದು ಹೇಳಿಕೊಂಡು ಬಂದರೂ ಸರಿಯೇ.