ಬಾಣಂತಿಯ ಉದರ ಸ್ನಾಯುಗಳ ಚೇತರಿಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ತೇರದಾಳ ಭಾಗದ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ಹೆರಿಗೆಯಾದ ಮನೆಗೆ ಹೋದಾಗ ನಾವು ಮಗುವಿನ ತೂಕ ಕೇಳುತ್ತೇವೆ, ಲಸಿಕೆಯನ್ನು ವಿಚಾರಿಸುತ್ತೇವೆ. ತಾಯಿಗೆ ಎದ್ದು ಕೂರಲು ನಡುವಿನಲ್ಲಿ ಬಲವಿದೆಯೇ, ಕೆಮ್ಮಿದಾಗ ಮೂತ್ರ ಸೋರುತ್ತಿದೆಯೇ ಎಂದು ಕೇಳುವವರು ವಿರಳ. ಹೇಳಿಕೊಳ್ಳಲು ಆಕೆಗೂ ಸಂಕೋಚ. ಇದನ್ನು ಕೇವಲ ಅಂದದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಇದು ದುಡಿಯುವ ಹೆಣ್ಣುಮಗಳ ಜೀವನಶಕ್ತಿಯ ಪ್ರಶ್ನೆ.

ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಹೊಟ್ಟೆಯವರೆಗೆ ಎರಡು ಉದ್ದನೆಯ ಸ್ನಾಯುಗಳು ಅಕ್ಕಪಕ್ಕದಲ್ಲಿವೆ. ನಡುವೆ ಒಂದು ಗಟ್ಟಿಯಾದ ಪಟ್ಟಿ ಅವುಗಳನ್ನು ಬೆಸೆದಿರುತ್ತದೆ. ಗರ್ಭ ಬೆಳೆದಂತೆ ಪಟ್ಟಿ ಹಿಗ್ಗಿ, ಸ್ನಾಯುಗಳು ದೂರ ಸರಿಯುತ್ತವೆ. ಇದು ಸಹಜ. ಹೆರಿಗೆಯ ನಂತರ ಗರ್ಭಕೋಶವು ಸುಮಾರು 6 ವಾರಗಳಲ್ಲಿ ಮೊದಲಿನ ಗಾತ್ರಕ್ಕೆ ಮರಳುತ್ತದೆ. ಸ್ನಾಯುಗಳ ಅಂತರವೂ ಅನೇಕರಲ್ಲಿ 8 ವಾರಗಳೊಳಗೆ ತಗ್ಗುತ್ತದೆ. ಕೆಲವರಲ್ಲಿ ಅದು ಉಳಿದು ಬೆನ್ನುನೋವಿಗೆ, ನಡುವಿನ ನಿಶ್ಶಕ್ತಿಗೆ ಕಾರಣವಾಗಬಹುದು.

ನಮ್ಮ ಭಾಗದಲ್ಲಿ ಹಳೆಯ ಸೀರೆಯಿಂದ ಹೊಟ್ಟೆ ಕಟ್ಟುವ ರೂಢಿಯಿದೆ. ಹದವಾಗಿ ಕಟ್ಟಿದರೆ ಬೆನ್ನಿಗೆ ಆಸರೆ ದೊರೆಯುತ್ತದೆ. ಆದರೆ ಕಟ್ಟು ಸ್ನಾಯುವಿಗೆ ಬಲ ತುಂಬದು. ಉಸಿರು ಕಟ್ಟುವಂತೆ ಬಿಗಿದರೆ ಒತ್ತಡ ಕೆಳಗಿಳಿದು ಗರ್ಭಕೋಶವನ್ನು ಹೊತ್ತಿರುವ ತಳದ ಸ್ನಾಯುಗಳಿಗೆ ಹಾನಿಯಾಗಬಹುದು. “ನೀರು ಕುಡಿದರೆ ಹೊಟ್ಟೆ ಬರುತ್ತದೆ” ಎಂದು ಬಾಣಂತಿಗೆ ನೀರು, ಊಟ ಕಡಿಮೆ ಮಾಡುವುದು ಮಾತ್ರ ಸಂಪೂರ್ಣ ತಪ್ಪು. ಹಾಲೂಡಿಸುವ ತಾಯಿಗೆ ನೀರು, ಬೇಳೆ, ಮೊಟ್ಟೆ, ಸೊಪ್ಪು ಹೆಚ್ಚಾಗಿಯೇ ಬೇಕು. ಸ್ನಾಯು ಕಟ್ಟುವುದು ಆಹಾರದಿಂದಲೇ.

ಸಹಜ ಹೆರಿಗೆಯಾದವರು ಕೆಲವೇ ದಿನಗಳಲ್ಲಿ ಮಲಗಿದಲ್ಲಿಯೇ ವ್ಯಾಯಾಮ ಆರಂಭಿಸಬಹುದು. ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಗೆ ಎಳೆದು ಐದು ಎಣಿಸುವವರೆಗೆ ಹಿಡಿದು ಬಿಡುವುದು ಮೊದಲನೆಯದು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು ಎರಡನೆಯದು. ದಿನಕ್ಕೆ ಮೂರು ಬಾರಿ, ಪ್ರತಿ ಬಾರಿ ಹತ್ತರಂತೆ ಮಾಡಿದರೆ ಸಾಕು. ಜೊತೆಗೆ ನಿಧಾನ ನಡಿಗೆ ಇರಲಿ. ಶಸ್ತ್ರಚಿಕಿತ್ಸೆಯ ಹೆರಿಗೆಯಾದವರು ವೈದ್ಯರ ಸಲಹೆ ಪಡೆದೇ ಆರಂಭಿಸಬೇಕು. ಮಲಗಿದಲ್ಲಿಂದ ಮೇಲೇಳುವ ಕಠಿಣ ವ್ಯಾಯಾಮ ಯಾರಿಗೂ ಆರಂಭದಲ್ಲಿ ಸಲ್ಲದು. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಬೇಕು.

ಎರಡು ತಿಂಗಳ ನಂತರ ಇದೇ ಭಂಗಿಯಲ್ಲಿ ತಲೆಯನ್ನಷ್ಟೇ ಎತ್ತಿ, ಹೊಕ್ಕುಳ ಬಳಿ ಬೆರಳಿಟ್ಟು ನೋಡಬೇಕು. ಎರಡು ಬೆರಳಿಗಿಂತ ಹೆಚ್ಚು ಅಂತರವಿದ್ದರೆ, ಮೂತ್ರ ಸೋರುತ್ತಿದ್ದರೆ, ಕೆಳಗೆ ಏನೋ ಜಾರಿದಂತೆ ಅನಿಸಿದರೆ ಆಸ್ಪತ್ರೆಗೆ ಹೋಗಬೇಕು. ಜ್ವರ, ಅಧಿಕ ರಕ್ತಸ್ರಾವ, ಹೊಲಿಗೆಯಲ್ಲಿ ಕೀವು ಕಂಡರೆ ಒಂದು ದಿನವೂ ಕಾಯಬಾರದು.

ಸದಸ್ಯರೇ, ವ್ಯಾಯಾಮ ಹೇಳಿಕೊಡುವುದು ಸುಲಭ, ವಿಶ್ರಾಂತಿ ದೊರಕಿಸುವುದು ಕಷ್ಟ. ತಿಂಗಳು ತುಂಬುವ ಮೊದಲೇ ತುಂಬಿದ ಕೊಡ ಹೊರುವ, ಕಬ್ಬಿನ ಹೊಲಕ್ಕೆ ಇಳಿಯುವ, ಮಗ್ಗದ ಮುಂದೆ ಕೂರುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಅವರ ಸ್ನಾಯು ಕೂಡುವುದಾದರೂ ಹೇಗೆ? ಮೊದಲ 6 ವಾರ ಮಗುವಿಗಿಂತ ಭಾರವಾದುದನ್ನು ತಾಯಿ ಎತ್ತಬಾರದು ಎಂಬ ಮಾತನ್ನು ಅತ್ತೆಗೂ ಗಂಡನಿಗೂ ತಿಳಿಸಬೇಕಾಗಿದೆ.

ತಾವು ಮಾಡಬಹುದಾದ ಕೆಲಸಗಳಿವೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42ನೇ ದಿನದವರೆಗೆ ಆಶಾ ಕಾರ್ಯಕರ್ತೆಯರು 6 ಬಾರಿ ಮನೆಗೆ ಭೇಟಿ ನೀಡಬೇಕು. ಆ ಭೇಟಿಗಳಲ್ಲಿ ತಾಯಿಯ ಹೊಟ್ಟೆ, ಬೆನ್ನು, ಮೂತ್ರದ ತೊಂದರೆಯನ್ನೂ ವಿಚಾರಿಸುವಂತೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಪ್ರಸ್ತಾಪಿಸಿರಿ. 2017ರ ಅಕ್ಟೋಬರ್ 2ರಂದು ರಾಜ್ಯಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಊಟ ಅರ್ಹ ತಾಯಂದಿರೆಲ್ಲರಿಗೂ ತಲುಪುತ್ತಿದೆಯೇ ಎಂದು ಅಂಗನವಾಡಿಯಲ್ಲಿ ಪರಿಶೀಲಿಸಿರಿ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಬಾಣಂತಿಯರಿಗೆ ಭಾರ ಹೊರುವ ಕೆಲಸ ನೀಡದಂತೆ ನೋಡಿಕೊಳ್ಳಿರಿ. ಬಾಣಂತಿಯಿರುವ ಮನೆಯ ನಲ್ಲಿ ಕೆಟ್ಟಿದ್ದರೆ ಅದರ ದುರಸ್ತಿಗೆ ಮೊದಲ ಆದ್ಯತೆ ನೀಡಿರಿ. ಒಂದು ನಲ್ಲಿ ಸರಿಯಾದರೆ ದಿನಕ್ಕೆ ಹತ್ತು ಕೊಡಗಳ ಭಾರ ಆಕೆಯ ನಡುವಿನಿಂದ ಇಳಿಯುತ್ತದೆ.

ಇಷ್ಟನ್ನು ತಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರಿ ನನ್ನ ಮಾತುಗಳನ್ನು ಮುಗಿಸುತ್ತೇನೆ.