ಪಿನ್ ಕಳಿಸಿದ್ರೆ ಸಾಲಲ್ಲ, ದಾರಿ ಹೇಳಿ

ಇವತ್ತು ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ಬೆಂಗಳೂರಿನ ನಮ್ಮ ಮೆಟ್ರೋ ನಕ್ಷೆಯನ್ನ ನಿಮಗೆ ತೋರಿಸ್ತೀನಿ. ಆದ್ರೆ ಇದು ಪಾಡ್‌ಕಾಸ್ಟ್. ಇಯರ್‌ಫೋನ್ ಕಿವಿಯಲ್ಲಿದೆ, ಫೋನು ಜೇಬಲ್ಲಿದೆ. ಹಾಗಾಗಿ ಮಾತಲ್ಲೇ ತೋರಿಸಬೇಕು.

ನೇರಳೆ ಮಾರ್ಗ ಪೂರ್ವದ ವೈಟ್‌ಫೀಲ್ಡ್‌ನಿಂದ ಹೊರಟು, ಊರಿನ ನಡುವೆ ಹಾದು, ನೈರುತ್ಯದ ಚಲ್ಲಘಟ್ಟಕ್ಕೆ ಹೋಗತ್ತೆ. ಹಸಿರು ಮಾರ್ಗ ವಾಯವ್ಯದ ಮಾದಾವರದಿಂದ ದಕ್ಷಿಣದ ರೇಷ್ಮೆ ಸಂಸ್ಥೆಗೆ. ಇವೆರಡೂ ಸೇರೋದು ಮೆಜೆಸ್ಟಿಕ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗವನ್ನ ಮುಟ್ಟತ್ತೆ, ಅಲ್ಲಿಂದ ಬೊಮ್ಮಸಂದ್ರಕ್ಕೆ ಹೋಗತ್ತೆ.

ಈಗ ಹೇಳಿ, ವೈಟ್‌ಫೀಲ್ಡ್‌ನಿಂದ ಬೊಮ್ಮಸಂದ್ರಕ್ಕೆ ಮೆಟ್ರೋದಲ್ಲೇ ಹೋಗೋದು ಹೇಗೆ? ಮೆಜೆಸ್ಟಿಕ್‌ನಲ್ಲಿ ಒಂದು ಸಲ, ಆರ್.ವಿ. ರಸ್ತೆಯಲ್ಲಿ ಇನ್ನೊಂದು ಸಲ ರೈಲು ಬದಲಿಸಬೇಕು. ಗೊತ್ತಾಯ್ತಲ್ವಾ? ಒಂದು ಗೆರೆನೂ ನೋಡ್ಲಿಲ್ಲ, ಆದ್ರೂ ನಕ್ಷೆ ತಲೆಯೊಳಗೆ ಬಂತು.

ಇವತ್ತಿನ ವಿಷಯ ಇದೇ. ನಕ್ಷೆ ಅಂದ್ರೆ ಚಿತ್ರ ಅಂತ ನಾವು ಅಂದ್ಕೊಂಡಿದೀವಿ. ಅಸಲಿಗೆ ಅದು ಕೆಲವು ಪ್ರಶ್ನೆಗಳಿಗೆ ಉತ್ತರ. ನಾನೆಲ್ಲಿದೀನಿ? ಅದೆಲ್ಲಿದೆ? ಎಷ್ಟು ದೂರ? ಮಧ್ಯೆ ಏನಿದೆ? ಈ ಉತ್ತರಗಳನ್ನ ಮಾತಲ್ಲೂ ಕೊಡಬಹುದು. ಕೊಡದೇ ಇದ್ರೆ ಕಣ್ಣು ಕಾಣದವರಿಗೆ ಬಾಗಿಲು ಹಾಕಿದ ಹಾಗೆ. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ದೃಷ್ಟಿದೋಷ ಇರೋರು ಸುಮಾರು 50 ಲಕ್ಷ.

ಅವರು ಫೋನ್ ಹೇಗೆ ಬಳಸ್ತಾರೆ? ಸ್ಕ್ರೀನ್ ರೀಡರ್ ಮೂಲಕ. ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್. ಪರದೆ ಮೇಲೆ ಏನಿದ್ಯೋ ಅದನ್ನ ಇವು ಓದಿ ಹೇಳ್ತವೆ. ಬಲಕ್ಕೆ ಸ್ವೈಪ್ ಮಾಡಿದ್ರೆ ಮುಂದಿನದ್ದು, ಎರಡು ಸಲ ತಟ್ಟಿದ್ರೆ ಅದು ತೆರೆಯತ್ತೆ. ವಾಟ್ಸ್ಆ್ಯಪ್ ಮೆಸೇಜ್ ಆಗಲಿ, ಸುದ್ದಿ ಆಗಲಿ, ಹೀಗೇ ಸರಾಗವಾಗಿ ಓದ್ತಾರೆ.

ಆದ್ರೆ ನಕ್ಷೆ ಬಂದ ಕೂಡ್ಲೆ ತೊಂದರೆ. ಎಷ್ಟೋ ವೆಬ್‌ಸೈಟ್‌ಗಳಲ್ಲಿ ನಕ್ಷೆ ಅಂದ್ರೆ ಪಕ್ಕಪಕ್ಕ ಜೋಡಿಸಿದ ಚೌಕ ಚೌಕ ಚಿತ್ರಗಳು. ಅವುಗಳ ಹಿಂದೆ ಪದಗಳೇ ಇರಲ್ಲ. ಕೆಂಪು ಪಿನ್‌ಗಳಿಗೆ ಹೆಸರು ಕೊಟ್ಟಿರಲ್ಲ. ಸ್ಕ್ರೀನ್ ರೀಡರ್ ಪಾಪ ಏನು ಓದತ್ತೆ? "ಬಟನ್, ಬಟನ್, ಬಟನ್." ಹತ್ತಿರದ ಆಸ್ಪತ್ರೆ ಹುಡುಕೋ ಪೇಜಲ್ಲಿ ಹೀಗಾದ್ರೆ ಯೋಚನೆ ಮಾಡಿ.

ಇನ್ನೊಂದು ಸಮಸ್ಯೆ ಇರೋದು ರಸ್ತೆಯಲ್ಲಿ. ಒಬ್ಬ ಹುಡುಗಿ, ಬಿ.ಕಾಂ. ಮುಗಿಸಿದಾಳೆ, ಬಿಳಿ ಕೋಲು ಹಿಡಿದು ಇಂಟರ್‌ವ್ಯೂಗೆ ಹೊರಟಿದಾಳೆ ಅಂದ್ಕೊಳ್ಳಿ. ಬಸ್ಸು ಹತ್ತಿ, ಇಳಿದು, ನಡೆದು ಬಂದ್ಲು. ಫೋನು "ನೀವು ತಲುಪಿದ್ದೀರಿ" ಅಂತು. ತಲುಪಿದ್ದು ಎಲ್ಲಿಗೆ? ತೆರೆದ ಆಕಾಶದ ಕೆಳಗೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಆಗತ್ತೆ, ಎತ್ತರದ ಕಟ್ಟಡಗಳ ಮಧ್ಯೆ ಇನ್ನೂ ಜಾಸ್ತಿ. 5 ಮೀಟರ್ ಅಂದ್ರೆ ನಮ್ಮ ಬಡಾವಣೆಯ ಒಂದು ರಸ್ತೆಯ ಅಗಲ. ಆಫೀಸು ಎಡಕ್ಕಾ, ಬಲಕ್ಕಾ? ಗೇಟು ಎಲ್ಲಿ? ಮಧ್ಯೆ ಮುಚ್ಚಳ ಇಲ್ಲದ ಚರಂಡಿ ಇದ್ಯಾ? ಯಾರನ್ನಾದ್ರೂ ಕೇಳಿದ್ರೆ "ಅಗೋ ಅಲ್ಲಿ" ಅಂತ ಬೆರಳು ತೋರಿಸ್ತಾರೆ. 11 ಗಂಟೆ ಇಂಟರ್‌ವ್ಯೂಗೆ ಒಳಗೆ ಹೋಗೋಷ್ಟರಲ್ಲಿ 11:20. ತಡ ಆಗಿದ್ದು ನಕ್ಷೆಯಿಂದ, ಕೆಲಸ ಕಳ್ಕೊಳ್ಳೋದು ಅವಳು.

ಕೇಳೋದು ತಪ್ಪಲ್ಲ, ನಾವೂ ಕೇಳ್ತೀವಿ. ಆದ್ರೆ ಪ್ರತಿ ಸಲ ಕೇಳದೇ ಬೇರೆ ದಾರಿನೇ ಇಲ್ಲ ಅನ್ನೋದು ಇದ್ಯಲ್ಲ, ಅದು ಸುಸ್ತು ಮಾಡತ್ತೆ.

ಪರಿಹಾರ ಇದ್ಯಾ? ಇದೆ, ಅದೇನು ರಾಕೆಟ್ ವಿಜ್ಞಾನ ಅಲ್ಲ. ಆ್ಯಪ್, ವೆಬ್‌ಸೈಟ್ ಮಾಡೋರು ಕೇಳುಗರಲ್ಲಿದ್ರೆ ಇದನ್ನ ಗಮನಿಸಿ. ನಕ್ಷೆಯ ಪಕ್ಕದಲ್ಲೇ ಅದೇ ಮಾಹಿತಿಯ ಪಟ್ಟಿ ಕೊಡಿ: ಹೆಸರು, ವಿಳಾಸ, ಎಷ್ಟು ದೂರ, ಯಾವ ದಿಕ್ಕು. ಪ್ರತಿ ಪಿನ್‌ಗೂ ಹೆಸರಿಡಿ. ಬರೀ ಬಣ್ಣದಲ್ಲಿ ವ್ಯತ್ಯಾಸ ತೋರಿಸಬೇಡಿ, ಆಕಾರ ಅಥವಾ ಅಕ್ಷರನೂ ಸೇರಿಸಿ. ಯಾಕಂದ್ರೆ ಎಲ್ಲರಿಗೂ ಪೂರ್ತಿ ಕಾಣಲ್ಲ ಅಂತಲ್ಲ. ಮಂದ ದೃಷ್ಟಿ ಇರೋರು, ಕೆಂಪು ಹಸಿರು ಗುರುತು ಸಿಗದೇ ಇರೋರು ತುಂಬ ಜನ ಇದಾರೆ. ಅಂತರರಾಷ್ಟ್ರೀಯ ವೆಬ್ ಮಾನದಂಡದ ಪ್ರಕಾರ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು, ನಕ್ಷೆಯ ಮುಖ್ಯ ಗುರುತುಗಳಿಗೆ 3:1.

ದೊಡ್ಡ ಕಂಪನಿಗಳೂ ಕೆಲಸ ಮಾಡಿವೆ. 2019ರ ವಿಶ್ವ ದೃಷ್ಟಿ ದಿನದಂದು ಗೂಗಲ್ ಮ್ಯಾಪ್ಸ್, ನಡೆಯುವವರಿಗೆ ವಿವರವಾದ ಧ್ವನಿ ಮಾರ್ಗದರ್ಶನ ಪ್ರಕಟಿಸ್ತು. ಮೊದಲು ಬಂದಿದ್ದು ಇಂಗ್ಲಿಷ್ ಮತ್ತು ಜಪಾನಿ ಭಾಷೆಯಲ್ಲಿ. ಮೈಕ್ರೋಸಾಫ್ಟ್‌ನ ಸೌಂಡ್‌ಸ್ಕೇಪ್ 2018ರಲ್ಲಿ ಬಂತು. ಹೋಗಬೇಕಾದ ಜಾಗದ ದಿಕ್ಕಿನಿಂದಲೇ ಕಿವಿಗೆ ಸದ್ದು ಬರತ್ತೆ, ಎಡಕ್ಕಿದ್ರೆ ಎಡಕಿವಿಗೆ. 2023ರಲ್ಲಿ ಕಂಪನಿ ಅದನ್ನ ನಿಲ್ಲಿಸ್ತು, ಆದ್ರೆ ಕೋಡನ್ನ ಎಲ್ಲರಿಗೂ ಬಿಟ್ಟುಕೊಡ್ತು. ಈಗ ಬೇರೆಯವರು ಅದನ್ನ ಮುಂದುವರಿಸಿದಾರೆ.

ಅದು ಮುಂದುವರಿಯೋಕೆ ಇನ್ನೊಂದು ಕಾರಣನೂ ಇದೆ. ಸೌಂಡ್‌ಸ್ಕೇಪ್ ಬಳಸ್ತಿದ್ದಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನ. 2004ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಇದು ನಕ್ಷೆಗಳ ವಿಕಿಪೀಡಿಯ ಇದ್ದ ಹಾಗೆ, ಯಾರು ಬೇಕಾದ್ರೂ ತಿದ್ದಬಹುದು. ಮೆಟ್ರೋ ನಿಲ್ದಾಣದಲ್ಲಿ ಉಬ್ಬು ಟೈಲ್ಸ್ ನೋಡಿದೀರಲ್ಲ? ಉದ್ದ ಗೆರೆ ಇದ್ರೆ ಮುಂದೆ ನಡಿ, ಚುಕ್ಕೆ ಇದ್ರೆ ನಿಲ್ಲು ಅಂತ ಅರ್ಥ. 1967ರಲ್ಲಿ ಜಪಾನಿನ ಒಕಯಾಮದಲ್ಲಿ ಮೊದಲು ಹಾಕಿದ್ದು. ಆ ಟೈಲ್ಸ್ ಯಾವ ಕ್ರಾಸಿಂಗಲ್ಲಿದೆ, ಯಾವ ಸಿಗ್ನಲ್ ಸದ್ದು ಮಾಡತ್ತೆ, ಎಷ್ಟು ಮೆಟ್ಟಿಲಿದೆ, ಎಲ್ಲವನ್ನೂ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾಖಲಿಸಬಹುದು. ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಉಚಿತ ಆಂಡ್ರಾಯ್ಡ್ ಆ್ಯಪ್ ನೀವು ನಿಂತ ಜಾಗದ ಬಗ್ಗೆ ಇಂಥ ಪ್ರಶ್ನೆಗಳನ್ನೇ ಕೇಳತ್ತೆ. ಒಂದು ಎಚ್ಚರಿಕೆ: ಕಣ್ಣಾರೆ ಕಂಡಿದ್ದನ್ನ ಮಾತ್ರ ಹಾಕಿ. ಇಲ್ಲಿ ಊಹೆ ಮಾಡಿದ್ರೆ ಯಾರೋ ಬೀಳ್ತಾರೆ.

ಇದು ದಯೆಯ ಮಾತಲ್ಲ, ಹಕ್ಕಿನ ಮಾತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟಕಬೇಕು ಅನ್ನತ್ತೆ. 2025ರ ಏಪ್ರಿಲ್‌ನಲ್ಲಿ ಇ-ಕೆವೈಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಪಡೆಯೋದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿದೆ.

ಕಾನೂನು ತನ್ನ ವೇಗದಲ್ಲಿ ಬರಲಿ. ನಮ್ಮ ಕೈಯಲ್ಲಿ ಆಗೋದು ಒಂದಿದೆ. ಮುಂದಿನ ಸಲ ಮದುವೆಗೋ ಮೀಟಿಂಗಿಗೋ ಲೊಕೇಶನ್ ಕಳಿಸುವಾಗ, ನಕ್ಷೆಯ ಸ್ಕ್ರೀನ್‌ಶಾಟ್ ಬೇಡ. ಪಿನ್ ಜೊತೆ ಎರಡು ಸಾಲು ಟೈಪ್ ಮಾಡಿ. "ಬಸ್ ಸ್ಟಾಪಿಂದ ಇಳಿದು ಬಲಕ್ಕೆ ಸುಮಾರು 40 ಹೆಜ್ಜೆ. ಬೇಕರಿ ವಾಸನೆ ಬರತ್ತೆ, ಅದು ದಾಟಿದ ಮೇಲೆ ಬಲಗಡೆ ಎರಡನೇ ಗೇಟು, ಮೂರು ಮೆಟ್ಟಿಲಿದೆ." ಬರೆದು ನೋಡಿ. ಕಣ್ಣು ಕಾಣೋ ಡೆಲಿವರಿ ಹುಡುಗನೂ ನಿಮಗೆ ಫೋನ್ ಮಾಡೋದು ನಿಲ್ಲಿಸ್ತಾನೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲೀವರೆಗೆ ನಿಮ್ಮ ಮನೆ ದಾರಿನ ಮಾತಲ್ಲಿ ಹೇಳೋದು ಅಭ್ಯಾಸ ಮಾಡ್ಕೊಳ್ಳಿ.